ಹಣ್ಣುನೊಣದ ನಿದ್ರೆಯಲ್ಲಿ ಪೋಸ್ಟ್‌ಡಾಕ್: ಮೊದಲು ಏನು ಕಲಿಯಬೇಕು?

ಪ್ರಶ್ನೆ: ಅಣುಜೀವಶಾಸ್ತ್ರದಲ್ಲಿ ಪಿಎಚ್.ಡಿ. ಮುಗಿಯುತ್ತಾ ಬಂದಿದೆ. ನಿದ್ರೆಯ ತಳಿವಿಜ್ಞಾನ ಮತ್ತು ನರವಿಜ್ಞಾನದಲ್ಲಿ ಪೋಸ್ಟ್‌ಡಾಕ್ (ಪಿಎಚ್.ಡಿ. ನಂತರದ ಸಂಶೋಧನೆ) ಮಾಡುವ ಆಸೆಯಿದೆ. ಆದರೆ ಅವಕಾಶ ಸಿಕ್ಕಿರುವುದು ಹಣ್ಣುನೊಣಗಳ ಪ್ರಯೋಗಾಲಯದಲ್ಲಿ. ನೊಣದಿಂದ ಮನುಷ್ಯರ ನಿದ್ರೆಯ ಬಗ್ಗೆ ತಿಳಿಯುವುದು ಏನಾದರೂ ಇದೆಯೇ? ನಾನು ಮೊದಲು ಏನನ್ನು ಕಲಿಯಬೇಕು?

ಉತ್ತರ: ತಿಳಿಯುವುದು ಬಹಳ ಇದೆ, ಹಿಂಜರಿಯಬೇಡಿ. ನೊಣವೂ ನಿದ್ರಿಸುತ್ತದೆ ಎಂದು 2000ರಲ್ಲಿ ಎರಡು ತಂಡಗಳು ಪ್ರತ್ಯೇಕವಾಗಿ ತೋರಿಸಿದವು. ಅವು ಆಧಾರವಾಗಿ ಹಿಡಿದದ್ದು ಮುಖ್ಯವಾಗಿ ನಡವಳಿಕೆಯನ್ನು: ನಿಶ್ಚಲವಾಗಿ ನಿಂತ ನೊಣ ಸಣ್ಣ ಅಲುಗಾಟಕ್ಕೆ ಎಚ್ಚರಗೊಳ್ಳುವುದಿಲ್ಲ, ರಾತ್ರಿ ನಿದ್ರೆ ಕೆಡಿಸಿದರೆ ಮರುದಿನ ಹೆಚ್ಚು ಹೊತ್ತು ನಿದ್ರಿಸುತ್ತದೆ, ಕೆಫೀನ್ ಕೊಟ್ಟರೆ ನಮ್ಮಂತೆಯೇ ನಿದ್ರೆಗೆಡುತ್ತದೆ. 2005ರಲ್ಲಿ ಅಮೆರಿಕದ ವಿಸ್ಕಾನ್ಸಿನ್ ವಿಶ್ವವಿದ್ಯಾಲಯದ ಕಿಯಾರಾ ಚಿರೆಲ್ಲಿ ಮತ್ತು ಜೂಲಿಯೊ ಟೊನೊನಿ ಅವರ ತಂಡ ಸುಮಾರು 9000 ತಳಿಗಳನ್ನು ಜರಡಿ ಹಿಡಿದು, ಸಾಮಾನ್ಯ ನೊಣದ ನಿದ್ರೆಯ ಮೂರನೇ ಒಂದು ಭಾಗದಷ್ಟು ಮಾತ್ರ ನಿದ್ರಿಸುವ ಒಂದು ತಳಿಯನ್ನು ಕಂಡುಕೊಂಡಿತು. ನರಕೋಶದ ಪೊಟ್ಯಾಸಿಯಂ ವಾಹಿನಿಯನ್ನು ರೂಪಿಸುವ 'ಶೇಕರ್' ಜೀನ್‌ನ ದೋಷದಿಂದ ಆ ವಾಹಿನಿಯ ಒಂದೇ ಒಂದು ಅಮೈನೊ ಆಮ್ಲ ಬದಲಾಗಿದ್ದುದೇ ಅದಕ್ಕೆ ಕಾರಣವಾಗಿತ್ತು.

ಇಲ್ಲಿ ಒಂದು ಎಚ್ಚರಿಕೆ ಬೇಕು. ನಿದ್ರೆ ಯಾವಾಗ ಬರಬೇಕೆಂದು ಹೇಳುವ ಜೈವಿಕ ಗಡಿಯಾರವೇ ಬೇರೆ, ಎಷ್ಟು ನಿದ್ರೆ ಬೇಕೆಂದು ಲೆಕ್ಕವಿಡುವ ವ್ಯವಸ್ಥೆಯೇ ಬೇರೆ. 1971ರಲ್ಲಿ ಕೊನೊಪ್ಕಾ ಮತ್ತು ಬೆಂಜರ್ ಗುರುತಿಸಿದ 'ಪೀರಿಯಡ್' ಜೀನ್ ಮೊದಲನೆಯದಕ್ಕೆ ಸೇರಿದ್ದು. ಅದರ ಮಾನವ ರೂಪಗಳಲ್ಲೊಂದಾದ ಪಿಇಆರ್2ರಲ್ಲಿ ದೋಷವಿದ್ದ ಒಂದು ಕುಟುಂಬದವರು ಸಂಜೆಯೇ ಮಲಗಿ ನಸುಕಿಗೂ ಮುಂಚೆ ಏಳುತ್ತಿದ್ದರೆಂದು 2001ರಲ್ಲಿ ತಿಳಿದುಬಂತು. 'ಶೇಕರ್' ತಳಿಯಲ್ಲಾದರೋ ಗಡಿಯಾರ ಸರಿಯಾಗಿಯೇ ನಡೆಯುತ್ತಿತ್ತು. ಬೆಂಗಳೂರಿನ ಜಕ್ಕೂರಿನಲ್ಲಿರುವ ಜವಾಹರಲಾಲ್ ನೆಹರು ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರದಲ್ಲಿ ಹಣ್ಣುನೊಣದ ದೈನಿಕ ಲಯದ ಕುರಿತು ದೀರ್ಘಕಾಲದಿಂದ ಕೆಲಸ ನಡೆದಿದೆ. ಅಲ್ಲಿನ ಪ್ರಬಂಧಗಳನ್ನು ಓದಿಕೊಂಡರೆ ಗಡಿಯಾರದ ಭಾಗ ನಿಮಗೆ ಸುಲಭವಾಗುತ್ತದೆ.

ಜೀನ್‌ಗಳ ಕೆಲಸ ನಿಮಗೆ ಈಗಾಗಲೇ ಬರುತ್ತದೆ. ಆದ್ದರಿಂದ ಮೊದಲ ಕೆಲವು ತಿಂಗಳು ಅಳತೆಯನ್ನು ಕಲಿಯಿರಿ ಎಂಬುದು ನನ್ನ ಆಗ್ರಹ. ಸಾಮಾನ್ಯ ಪದ್ಧತಿಯಲ್ಲಿ, 5 ಮಿ.ಮೀ. ಅಗಲ, 65 ಮಿ.ಮೀ. ಉದ್ದದ ಗಾಜಿನ ನಳಿಕೆಯ ಒಂದು ತುದಿಗೆ ಆಹಾರ, ಇನ್ನೊಂದು ತುದಿಗೆ ಹತ್ತಿ ಇಟ್ಟು, ನಡುವೆ ಹಾಯುವ ಒಂದೇ ಅವರಕ್ತ (ಇನ್‌ಫ್ರಾರೆಡ್) ಕಿರಣವನ್ನು ನೊಣ ಐದು ನಿಮಿಷ ದಾಟದಿದ್ದರೆ ಅದು ನಿದ್ರಿಸುತ್ತಿದೆಯೆಂದು ಗಣಿಸುತ್ತಾರೆ. ಆದರೆ ಹಸಿದ ನೊಣ ಆಹಾರದ ಬಳಿಯೇ ನಿಂತು ತಿನ್ನುತ್ತಿರಬಹುದು, ಮುಂಗಾಲುಗಳನ್ನು ಉಜ್ಜಿಕೊಳ್ಳುತ್ತಿರಬಹುದು; ಕಿರಣದ ದಾಖಲೆಯಲ್ಲಿ ಅದೂ ನಿದ್ರೆಯೇ. ಹಸಿವನ್ನು ಬದಲಿಸುವ ಜೀನೊಂದು ನಿದ್ರೆಯ ಜೀನ್‌ನಂತೆ ಕಾಣುವುದು ಹೀಗೆ. ವಿಡಿಯೊ ಚಿತ್ರೀಕರಣ, ಎಚ್ಚರಿಸಲು ಎಷ್ಟು ಪ್ರಚೋದನೆ ಬೇಕೆಂಬ ಪರೀಕ್ಷೆ, ನಿದ್ರೆಗೆಡಿಸಿದ ಮೇಲಿನ ಮರುನಿದ್ರೆಯ ಅಳತೆ, ಈ ಮೂರೂ ಜತೆಗಿಲ್ಲದ ಫಲಿತಾಂಶವನ್ನು ನಾನು ಒಪ್ಪಿಕೊಳ್ಳುವುದಿಲ್ಲ.

'ಆಹಾರದ ಬಳಿ ನಿಂತ ನೊಣವನ್ನು ನೀವು ಹೇಗೆ ಲೆಕ್ಕಕ್ಕೆ ತೆಗೆದುಕೊಳ್ಳುತ್ತೀರಿ?' ಎಂದು ಸಂದರ್ಶನದಲ್ಲಿ ನೀವೇ ಕೇಳಿ. ಅವರು ವಿಡಿಯೊ ತೆರೆದು ತೋರಿಸಿ ವಿವರಿಸಿದರೆ ಧೈರ್ಯವಾಗಿ ಸೇರಿ.