ಬಂದೂಕಿಲ್ಲದ ಮಿಲಿಟ್ರಿ ಎಂಥಾದ್ರಿ?

ಪ್ರಶ್ನೆ: ನಮ್ಮ ಅಕ್ಕನ ಮಗ ಅಮೆರಿಕಾದ ಟೆಕ್ಸಾಸ್‌ನ್ಯಾಗ ಸೆಟಲ್ ಆಗ್ಯಾನ, ಅಲ್ಲಿನ ಸಿಟಿಜನ್‌ಶಿಪ್ಪೂ ಸಿಕ್ಕೈತಿ. ಈಗ ಸ್ಟೇಟ್ ಗಾರ್ಡ್ ಸೇರೇನಿ ಅಂತ ಮಿಲಿಟ್ರಿ ಡ್ರೆಸ್‌ನ್ಯಾಗ ಫೋಟೊ ಕಳಿಸ್ಯಾನ. ಟ್ರೇನಿಂಗಿಗೆ ಪಗಾರ ಇಲ್ಲಂತ, ಬಂದೂಕೂ ಕೊಟ್ಟಿಲ್ಲಂತ. ಯುದ್ಧಕ್ಕ ಒಯ್ತಾರೇನೋ ಅಂತ ಅಕ್ಕ ಊಟ ಬಿಟ್ಟು ಕುಂತಾಳ.
– ಓದುಗರು, ಜಮಖಂಡಿ

ಉತ್ತರ: ಅಕ್ಕಾರಿಗೆ ಮೊದಲ ಊಟ ಮಾಡಾಕ ಹೇಳ್ರಿ. ಅಲ್ಲಿ ನ್ಯಾಶನಲ್ ಗಾರ್ಡ್ (ಒಂದೊಂದು ರಾಜ್ಯದಾಗೂ ಇರೋ ಮೀಸಲು ಸೈನ್ಯ) ಅನ್ನೋದು ಬ್ಯಾರೆ, ಅದನ್ನ ಅಧ್ಯಕ್ಷರು ಕರದು ವಿದೇಶಕ್ಕೂ ಕಳಿಸಬಹುದು, 1940ರಾಗ ಹಂಗ ಕರಕೊಂಡು ಹೋಗಿ ರಾಜ್ಯಗಳು ಖಾಲಿ ಬಿದ್ದಿದ್ದಕ್ಕ ಟೆಕ್ಸಾಸ್‌ನವರು 1941ರಾಗ ಈ ಸ್ಟೇಟ್ ಗಾರ್ಡ್ ಕಟ್ಟಿದ್ರು. ಇದು ಗವರ್ನರ್ ಕೈಯಾಗಿನ ಪಡೆ (ಅಲ್ಲಿ ಗವರ್ನರ್ ಅಂದ್ರ ನಮ್ಮ ರಾಜ್ಯಪಾಲರಂಗಲ್ಲ, ಮುಖ್ಯಮಂತ್ರಿ ಇದ್ದಂಗ), ಕಾನೂನು ಪ್ರಕಾರ ಈ ಪಡೆನ ದೇಶದ ಸೈನ್ಯಕ್ಕ ಎಳಕೊಳ್ಳಾಕ ಬರಂಗಿಲ್ಲ.

ಇನ್ನ ಬಂದೂಕಿನ ಮಾತು. 2017ರ ಹಾರ್ವೆ ಚಂಡಮಾರುತದಾಗ ಇವರು ಮಾಡಿದ್ದೇನ್ರಿ, ಬೋಟ್‌ನ್ಯಾಗ ಮಂದಿನ ಹೊರಗ ತಂದ್ರು, ನಿರಾಶ್ರಿತರ ಕೇಂದ್ರ ನಡೆಸಿದ್ರು. ಆ ಕೆಲಸಕ್ಕ ರೈಫಲ್ ತಗೊಂಡು ಏನ್ ಮಾಡ್ತೀರಿ? ಬೇಕಾಗೋದು ಬೋಟು, ವೈರ್‌ಲೆಸ್ ಸೆಟ್ಟು, ಕರದ ಕೂಡ್ಲೇ ಬರೋ ಮಂದಿ. ಕೆಲವು ಸ್ಟೇಟ್‌ಗಳಾಗ ಡ್ರೆಸ್ಸು, ಬೂಟು ಸೈತ ಸ್ವಂತ ರೊಕ್ಕದಾಗ ಕೊಳ್ತಾರ, ಅದು ಮಾತ್ರ ನನಗ ಸರಿ ಕಾಣಂಗಿಲ್ಲ.

ನಮ್ಮ ಕಡೆ ಇದಕ್ಕ ಹತ್ತಿರದ್ದು ಹೋಮ್ ಗಾರ್ಡ್. 1946ರ ಡಿಸೆಂಬರ್‌ದಾಗ ಮುಂಬೈದಾಗ ಶುರುವಾತು, ಆವಾಗ ಬೆಳಗಾವಿ, ವಿಜಾಪುರ ಎಲ್ಲಾ ಮುಂಬೈ ಪ್ರಾಂತ್ಯದಾಗ ಇದ್ದವು, ನಿಮ್ಮ ಜಮಖಂಡಿ ಬಿಟ್ಟು, ಅದು ಪಟವರ್ಧನರ ಸಂಸ್ಥಾನ. ನಮ್ಮ ರಾಜ್ಯದ ಕಾಯ್ದೆ 1962ರದು. ಖಾಕಿ ಡ್ರೆಸ್ಸು, ಲಾಠಿ, ಸೀಟಿ ಹಿಡಕೊಂಡು ಜಾತ್ರಿ, ಇಲೆಕ್ಷನ್, ಟ್ರಾಫಿಕ್ ಅಂತ ನಿಂತಿರ್ತಾರ. ಆದ್ರ 2019ರ ಆಗಸ್ಟ್‌ನ್ಯಾಗ ಕೃಷ್ಣಾ, ಘಟಪ್ರಭಾ, ಮಲಪ್ರಭಾ ಮೂರೂ ಒಮ್ಮೆಲೆ ಉಕ್ಕಿದ್ದು ನೀವೇ ನೋಡೀರಿ, ಹೊಳಿ ದಂಡಿ ತಾಲೂಕುಗಳಾಗ ಲಾಠಿಗಿಂತ ಮೊದಲ ಲೈಫ್ ಜಾಕೆಟ್ಟು, ಹಗ್ಗ ಕೊಡಬೇಕು, ಮ್ಯಾಲ ಮಳಿಗಾಲಕ್ಕ ಮುಂಚೆ ಬೋಟ್ ಇಳಿಸಿ ಪ್ರಾಕ್ಟೀಸ್ ಮಾಡಿಸಬೇಕು, ನೀರು ಬಂದ ಮ್ಯಾಲ ಕಲಿಸಾಕ ಆಕ್ಕೈತೇನ್ರಿ!

ಪ್ರಶ್ನೆ: ಹೋಮ್ ಗಾರ್ಡ್ ಸೇರಿದ್ರ ಪರ್ಮನೆಂಟ್ ನೌಕರಿ ಆಕ್ಕೈತೇನ್ರಿ?
– ಓದುಗರು, ಅಥಣಿ

ಉತ್ತರ: ಇಲ್ರಿ. ಇದು ಸ್ವಯಂಸೇವೆ, ಡ್ಯೂಟಿ ಮಾಡಿದ ದಿನಕ್ಕ ಭತ್ಯೆ ಅಷ್ಟ. ಪರ್ಮನೆಂಟ್ ಮಾಡಸ್ತೀನಿ ಅಂತ ಯಾರರ ರೊಕ್ಕ ಕೇಳಿದ್ರ ಕೊಡಬ್ಯಾಡ್ರಿ, ಜಿಲ್ಲಾ ಕಮಾಂಡೆಂಟ್ ಆಫೀಸಿಗೆ ನೀವೇ ಹೋಗಿ ವಿಚಾರಸ್ರಿ.