ಬಟನ್ ಜಾಸ್ತಿ ಇದ್ದರೆ ಗೇಮ್ ಕಂಟ್ರೋಲರ್‌ನಲ್ಲಿ ಹೊಸತನ ಇದೆ ಅಂತಲಾ?

ಉಡುಪಿಯ ಅಂಗಡಿಯಲ್ಲಿ ನೀವು ನೋಡಿದ, ಹಿಂಬದಿಗೂ ನಾಲ್ಕು ಬಟನ್ ಇರುವ ಕಂಟ್ರೋಲರ್ ಹೊಸತನವೇ ಅಂತ ಕೇಳಿದ್ದೀರಿ. ಅಲ್ಲ. ಮುಂಬದಿಯ ಬಟನ್ ಮಾಡುವ ಕೆಲಸವನ್ನೇ ಅವೂ ಮಾಡಿದರೆ ಅದು ಅನುಕೂಲ ಅಷ್ಟೆ. ಮೊದಲು ಕೈಗೆ ಆಗದಿದ್ದ ಒಂದು ಕೆಲಸ ಈಗ ಆಗಬೇಕು, ಆಟದೊಳಗೆ ಅದಕ್ಕೆ ಬೆಲೆಯೂ ಇರಬೇಕು. ಆಗ ಅದು ಹೊಸತನ.

ಹೆಬ್ಬೆರಳಲ್ಲಿ ಆಡಿಸುವ ಅನಲಾಗ್ ಸ್ಟಿಕ್ಕನ್ನೇ ನೋಡಿ. ಸಾಮಾನ್ಯ ಬಟನ್ ಅಂದರೆ ಲೈಟಿನ ಸ್ವಿಚ್ ಇದ್ದ ಹಾಗೆ, ಆನ್ ಇಲ್ಲವೇ ಆಫ್. ಸ್ಟಿಕ್ ಸ್ಕೂಟರಿನ ಎಕ್ಸಲೇಟರ್ ಇದ್ದ ಹಾಗೆ. ಮಂಗಳೂರಿನ ಕದ್ರಿ ಗುಡ್ಡೆ ಹತ್ತುವಾಗ ಜಾಸ್ತಿ ತಿರುಗಿಸುತ್ತೇವೆ, ಹಂಪನಕಟ್ಟೆಯ ಟ್ರಾಫಿಕ್ಕಿನಲ್ಲಿ ಚೂರೇ ಚೂರು, ಅಲ್ವಾ? ಸ್ಟಿಕ್ಕೂ ತಾನು ಎಷ್ಟು ವಾಲಿದೆ ಎಂದು ಅಳೆದು ಆಟಕ್ಕೆ ತಿಳಿಸುತ್ತದೆ.

1996ರಲ್ಲಿ ನಿಂಟೆಂಡೊ 64 ಎಂಬ ಗೇಮ್ ಯಂತ್ರದ ಜೊತೆ ಬಂದ 'ಸೂಪರ್ ಮಾರಿಯೋ 64' ಆಟದಲ್ಲಿ ಒಂದು ಕಚ್ಚುವ ಗಿಡ ನಿದ್ದೆ ಮಾಡುತ್ತಿರುತ್ತದೆ. ಸ್ಟಿಕ್ ಪೂರ್ತಿ ದೂಡಿ ಓಡಿದರೆ ಎದ್ದುಬಿಡುತ್ತದೆ. ಸ್ವಲ್ಪವೇ ವಾಲಿಸಿದರೆ ನಾವು ಆಡಿಸುವ ನಾಯಕ ಮಾರಿಯೋ ತುದಿಗಾಲಲ್ಲಿ ನಡೆಯುತ್ತಾನೆ, ಗಿಡ ಮಲಗಿಯೇ ಇರುತ್ತದೆ. ಹೆಬ್ಬೆರಳಿನ ಹದವೇ ಇಲ್ಲಿ ಆಟ. ನನಗೆ ಇವತ್ತಿಗೂ ಇದು ತುಂಬಾ ಇಷ್ಟ.

ಇಂಥ ಸ್ಟಿಕ್ ಆಗ ಮೊದಲ ಸಲ ಬಂದದ್ದೇನಲ್ಲ. 1982ರ ಅಟಾರಿ 5200 ಎಂಬ ಗೇಮ್ ಯಂತ್ರದಲ್ಲೂ ಇತ್ತು. ಆದರೆ ಕೈ ಬಿಟ್ಟರೆ ಅದು ತಾನಾಗಿ ನಡುವಿಗೆ ಮರಳುತ್ತಿರಲಿಲ್ಲ. ಪ್ಯಾಕ್‌ಮ್ಯಾನ್‌ನಂಥ ಓಣಿ ಓಣಿಯ ಆಟಗಳಲ್ಲಿ ತಟ್ಟನೆ ತಿರುಗುವುದೇ ಕಷ್ಟವಾಗುತ್ತಿತ್ತು.