ಬಾಗಿಲು 182 ಡಿಗ್ರಿ ಅಂದ್ರೆ ಯಾವ ಗುವಾ?

ಸಿಂಗಪುರದ ಫ್ಲ್ಯಾಟಿನ ಬಾಗಿಲಲ್ಲಿ ಮೊಬೈಲ್ ಹಿಡಿದರೆ 182 ಡಿಗ್ರಿ ತೋರಿಸ್ತಿದೆ, ಇದು ಚೀನಾದ ಫೆಂಗ್ ಶುಯಿಯ 64 ಹೆಕ್ಸಾಗ್ರಾಮ್‌ಗಳಲ್ಲಿ (ಗುವಾ, ಅಂದ್ರೆ ಆರು ಗೆರೆಗಳ ಚಿಹ್ನೆ) ಯಾವುದು, ದಕ್ಷಿಣದ ಬಾಗಿಲು ಬೇರೆ, ಏನು ಮಾಡೋದು ಅಂತ ಕೇಳಿದ್ದೀರಿ. ಲೆಕ್ಕ ಸುಲಭ ಸರ್, ಅಳತೆಯೇ ಕಷ್ಟ.

ಫೆಂಗ್ ಶುಯಿಯ ಶುವಾನ್ ಕಾಂಗ್ ಡಾ ಗುವಾ ಪದ್ಧತಿಯಲ್ಲಿ 360 ಡಿಗ್ರಿಯನ್ನು 64 ಗುವಾಗಳಿಗೆ ಹಂಚ್ತಾರೆ, ಒಂದಕ್ಕೆ 5.625. ಲುವೊಪಾನ್ (ಫೆಂಗ್ ಶುಯಿಯವರ ದಿಕ್ಸೂಚಿ) ಕೈಯಲ್ಲಿಲ್ಲದಿದ್ದರೂ ಕಾಗದದ ಮೇಲೆ ಹುಡುಕಬಹುದು. ಉತ್ತರ 0 ಇಟ್ಟುಕೊಂಡು ವೃತ್ತವನ್ನು 45 ಡಿಗ್ರಿಯ ಎಂಟು ಭಾಗ ಮಾಡಿ. 0ಯಿಂದ 180ರವರೆಗೆ ಕ್ರಮವಾಗಿ ಝೆನ್, ಲಿ, ದುಯ್, ಚಿಯೆನ್. 180 ದಾಟಿದ ಮೇಲೆ ಶುನ್, ಕಾನ್, ಗೆನ್, ಕುನ್. ಇವು ಮೂರು ಗೆರೆಗಳ ಚಿಹ್ನೆಗಳ ಹೆಸರು; ನಿಮ್ಮ ಭಾಗದ ಚಿಹ್ನೆಯೇ ಗುವಾದ ಕೆಳಗಿನ ಮೂರು ಗೆರೆ. ನಿಮ್ಮ ಭಾಗವನ್ನು ಮತ್ತೆ ಎಂಟು ತುಂಡು ಮಾಡಿ, ದಕ್ಷಿಣದ ತುದಿಯಿಂದ ಉತ್ತರದ ಕಡೆಗೆ ಚಿಯೆನ್, ದುಯ್, ಲಿ, ಝೆನ್, ಶುನ್, ಕಾನ್, ಗೆನ್, ಕುನ್ ಅಂತ ಎಣಿಸಿ. ಅದು ಮೇಲಿನ ಮೂರು ಗೆರೆ.

182 ಶುನ್ ಭಾಗದ ಮೊದಲ ತುಂಡು. ಕೆಳಗೆ ಶುನ್, ಮೇಲೆ ಚಿಯೆನ್: ಇದೇ ಗೋ ಅನ್ನೋ ಗುವಾ. ಮನೆಯ ಬೆನ್ನು 2 ಡಿಗ್ರಿ, ಅಲ್ಲಿ ಫು ಅನ್ನೋ ಗುವಾ. ಎರಡರ ಆರೂ ಗೆರೆ ಒಂದಕ್ಕೊಂದು ವಿರುದ್ಧ ಬರಬೇಕು (ಒಂದರಲ್ಲಿ ಪೂರ್ತಿ ಗೆರೆ ಇದ್ದಲ್ಲಿ ಇನ್ನೊಂದರಲ್ಲಿ ನಡುವೆ ತುಂಡಾದ ಗೆರೆ), ಬರದಿದ್ದರೆ ಎಣಿಕೆ ತಪ್ಪಿದೆ. ಗೋಗೆ ಮೇಲಿನ ಗೆರೆಗಳ ಅಂಕಿ 9, ಫುಗೆ 1, ಕೂಡಿದರೆ 10. ಕಾಲದ ಅಂಕಿ, ಅಂದ್ರೆ ಗುವಾ ಯಾವ ಕಾಲಾವಧಿಗೆ ಸೇರಿದ್ದು ಅನ್ನೋ ಅಂಕಿ, ಎರಡಕ್ಕೂ 8.

ಈಗ ತೊಡಕಿಗೆ ಬರೋಣ. ಚಿಯೆನ್ ಗುವಾ (ಕೆಳಗೂ ಮೇಲೂ ಚಿಯೆನ್) ಮತ್ತು ಗೋ ನಡುವಿನ ಗಡಿ ಸರಿಯಾಗಿ 180ರಲ್ಲಿದೆ. ಮೊಬೈಲ್ ನಾಲ್ಕು ಡಿಗ್ರಿ ಹೆಚ್ಚು ತೋರಿಸಿದ್ದರೆ ನಿಮ್ಮದು 178, ಅಂದ್ರೆ ಚಿಯೆನ್. 9 ಹಾಗೇ ಉಳಿಯುತ್ತೆ, ಕಾಲದ ಅಂಕಿ ಮಾತ್ರ 8 ಹೋಗಿ 1 ಆಗುತ್ತೆ. ಕಬ್ಬಿಣದ ಗ್ರಿಲ್ ಪಕ್ಕದಲ್ಲಿ ನಾಲ್ಕು ಡಿಗ್ರಿ ಏನೂ ಅಲ್ಲ. ಗೆರೆಗೆರೆಗೂ ಫಲ ಹೇಳುವವರಂತೂ 0.94 ಡಿಗ್ರಿ ತನಕ ಇಳೀತಾರೆ. ಮೊಬೈಲ್ ನಂಬಿ ಅಷ್ಟು ಸೂಕ್ಷ್ಮ ಹೇಳುವವರ ಮಾತು ನಾನು ಕೇಳಲ್ಲ.

ಹಾಗಾಗಿ ಮೊಬೈಲಿನ ಮ್ಯಾಗ್ನೆಟ್ ಕವರ್ ತೆಗೆದು, ಗ್ರಿಲ್, ಲಿಫ್ಟ್, ನಿಲ್ಲಿಸಿದ ಕಾರುಗಳಿಂದ ದೂರ ಹೋಗಿ, ಕಟ್ಟಡದ ಅದೇ ಗೋಡೆಗೆ ಸಮಾನಾಂತರವಾಗಿ ನಾಲ್ಕೈದು ಕಡೆ ಅಳೆಯಿರಿ. ಉಪಗ್ರಹ ನಕ್ಷೆಯಲ್ಲೂ ಆ ಗೋಡೆಯ ಕೋನ ನೋಡಿ. ಸಿಂಗಪುರದಲ್ಲಿ ಕಾಂತೀಯ ಉತ್ತರಕ್ಕೂ ನಿಜವಾದ ಉತ್ತರಕ್ಕೂ ಒಂದು ಡಿಗ್ರಿಯೂ ವ್ಯತ್ಯಾಸವಿಲ್ಲ, ಎರಡೂ ತಾಳೆಯಾಗಲೇಬೇಕು. (ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಅದು ಸುಮಾರು 13 ಡಿಗ್ರಿ, ಎರಡು ಗುವಾ ದಾಟಿಬಿಡುತ್ತೆ!)

ದಕ್ಷಿಣದ ಬಾಗಿಲು ಅಂತ ಹೆದರೋದು ನಮ್ಮ ವಾಸ್ತುವಿನವರು. ಚೀನಾದಲ್ಲಿ ದಕ್ಷಿಣಮುಖವೇ ಶ್ರೇಷ್ಠ, ಬೀಜಿಂಗ್ ಅರಮನೆಯ ಮುಖ್ಯದ್ವಾರವೂ ದಕ್ಷಿಣಕ್ಕೇ ಇದೆ. ಎರಡು ಶಾಸ್ತ್ರ ಬೆರೆಸಬೇಡಿ. ಇದರಿಂದ ಅದೃಷ್ಟ ಬರುತ್ತೆ ಅನ್ನೋದಕ್ಕೆ ಪುರಾವೆಯೂ ಇಲ್ಲ, ಗೋಡೆ ಒಡೆಸೋಕೆ ಮಾತ್ರ ಹೋಗಬೇಡಿ. ಹೊಸ ಅಳತೆಗಳನ್ನು ಇಲ್ಲೇ ಹಾಕಿ, ಒಟ್ಟಿಗೆ ಎಣಿಸೋಣ.